ಮದುವೆ ಫೋಟೊಗ್ರಾಫರ್ ಹತ್ತಿರ ಹಳೇ ನಿಕಾನ್ ಡಿ750 ಕ್ಯಾಮೆರಾ ಸಿಗುತ್ತಿದೆ, ಷಟರ್ ಕೌಂಟ್ 38,000 ಅಂತಾರೆ. ತಗೊಳ್ಳಬಹುದಾ?

ತಗೊಳ್ಳಬಹುದು, ಆದರೆ ಮೊದಲು ಒಂದು ಲೆಕ್ಕ ಹಾಕೋಣ. ಷಟರ್ ಕೌಂಟ್ ಅಂದರೆ ಆ ಕ್ಯಾಮೆರಾ ಇಲ್ಲಿಯವರೆಗೆ ಹೊಡೆದ ಕ್ಲಿಕ್‌ಗಳ ಸಂಖ್ಯೆ. ಮಾರುವವರು ಉಡುಪಿಯವರು, ಆರು ವರ್ಷ ಮದುವೆಗಳಿಗೆ ಬಳಸಿದ ಕ್ಯಾಮೆರಾ, 24-120 ಲೆನ್ಸ್ ಸಮೇತ ಕೊಡುತ್ತಾರೆ ಅಂದಿದ್ದೀರಿ. ಮೆಹಂದಿ, ಮುಹೂರ್ತ, ರಿಸೆಪ್ಶನ್ ಎಲ್ಲ ಸೇರಿದರೆ ಒಂದು ಮದುವೆಗೆ ಎರಡೂವರೆ ಸಾವಿರ ಕ್ಲಿಕ್ ಆರಾಮಾಗಿ ಆಗುತ್ತದೆ. ಹಾಗಾದರೆ 38,000 ಅಂದರೆ ಹದಿನೈದೇ ಮದುವೆ. ಆರು ವರ್ಷಕ್ಕೆ ಹದಿನೈದು ಮದುವೆ ಮಾಡಿ ಯಾರ ಹೊಟ್ಟೆ ತುಂಬುತ್ತದೆ?

ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅದು ಎರಡನೇ ಬಾಡಿಯಾಗಿ (ಬಾಡಿ ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬ್ಯಾಗಿನಲ್ಲೇ ಇದ್ದಿರಬಹುದು, ಷಟರ್ ಬದಲಾಗಿರಬಹುದು (ಹಾಗಿದ್ದರೆ ಸರ್ವೀಸ್ ಬಿಲ್ ಕೇಳಿ), ಇಲ್ಲವೇ ಬರೀ ವಿಡಿಯೊಗೆ ದುಡಿದಿರಬಹುದು. ಒಂದು ಗಂಟೆ ವಿಡಿಯೊ ತೆಗೆದರೂ ಕೌಂಟ್ ಬೆರಳೆಣಿಕೆಯಷ್ಟೇ ಏರುತ್ತದೆ. ಡಿ750ರ ಷಟರನ್ನು ನಿಕಾನ್ 1,50,000 ಕ್ಲಿಕ್‌ವರೆಗೆ ಪರೀಕ್ಷಿಸಿದೆ. ನನ್ನ ಕೇಳಿದರೆ, ಒಪ್ಪವಾಗಿಟ್ಟ 90,000ದ ಬಾಡಿ ಕಥೆ ಹೊಂದದ 38,000ಕ್ಕಿಂತ ವಾಸಿ.

ಕೌಂಟನ್ನು ಬಾಯಿಮಾತಿಗೆ ನಂಬಬೇಡಿ. ನಿಮ್ಮದೇ ಕಾರ್ಡ್ ಹಾಕಿ ಒಂದು ಜೆಪೆಗ್ ತೆಗೆದು ಮನೆಗೆ ತನ್ನಿ, ಎಕ್ಸಿಫ್ (ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಓದಿ ಷಟರ್ ಕೌಂಟ್ ತೋರಿಸುವ ತಂತ್ರಾಂಶದಲ್ಲಿ ನೋಡಿ. ನಿಕಾನ್ ಫೈಲಿನೊಳಗೇ ಕೌಂಟ್ ಇರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಹಾಗೆ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಬಾಡಿಯ ಸೀರಿಯಲ್ ನಂಬರು ಬಿಲ್ಲಿನದಕ್ಕೆ ತಾಳೆಯಾಗಬೇಕು. ಆ ನಂಬರಿಗೆ ಇನ್ನೊಂದು ಕೆಲಸವೂ ಇದೆ: 2014ರಲ್ಲಿ ಬಂದ ಈ ಮಾದರಿಯ ಕೆಲವು ಬ್ಯಾಚುಗಳಲ್ಲಿ ಷಟರ್ ದೋಷವಿತ್ತು, ಚಿತ್ರದ ಒಂದು ಭಾಗ ಕಪ್ಪಾಗುತ್ತಿತ್ತು. 2015ರಿಂದ ನಿಕಾನ್ ಅದನ್ನು ಉಚಿತವಾಗಿ ರಿಪೇರಿ ಮಾಡಿಕೊಟ್ಟಿತು. ನಿಮ್ಮ ನಂಬರು ದೋಷವಿದ್ದ ಬ್ಯಾಚಿನದಾಗಿದ್ದರೆ ರಿಪೇರಿ ಆಗಿದೆಯಾ ಕೇಳಿ. ಷಟರ್ ವೇಗ 1/4000 ಸೆಕೆಂಡಿಗಿಟ್ಟು ಬಿಳಿ ಗೋಡೆಯ ಹತ್ತಿಪ್ಪತ್ತು ಫೋಟೊ ಹೊಡೆದರೆ ಅಂಚಿನ ಕಪ್ಪು ನಿಮಗೇ ಕಾಣುತ್ತದೆ.

ಕರಾವಳಿಯ ಕ್ಯಾಮೆರಾ ಅಂದಾಗ ನನಗೆ ನಿಜವಾದ ಭಯ ಫಂಗಸ್ಸಿನದು. ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ಹಿಂದೆ ನಾನೊಂದು ಹಳೇ 18-105 ಲೆನ್ಸ್ ತಗೊಂಡಿದ್ದೆ, ಸಂಜೆ ಹೊತ್ತು, ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ. ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಕ್ಲೀನ್ ಮಾಡಿಸಿದೆ, ಮುಂದಿನ ಆಷಾಢಕ್ಕೆ ಮತ್ತೆ ಹಾಜರು. ಅದಕ್ಕೇ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಪರವಾಗಿಲ್ಲ, ಎಳೆ ಒಂದಿದ್ದರೂ ಆ ಲೆನ್ಸ್ ಬೇಡ, ಬಾಡಿಗಷ್ಟೇ ಚೌಕಾಸಿ ಮಾಡಿ. ಮಳೆಗಾಲದಲ್ಲಿ ಎಲ್ಲಿಡುತ್ತೀರಿ ಅಂತ ಸುಮ್ಮನೆ ಮಾತಿಗೆ ಕೇಳಿ ನೋಡಿ. ಡ್ರೈ ಕ್ಯಾಬಿನೆಟ್ಟೋ ಸಿಲಿಕಾ ಜೆಲ್ ಹಾಕಿದ ಡಬ್ಬಿಯೋ ಅಂದರೆ ನೆಮ್ಮದಿ. "ಬ್ಯಾಗಲ್ಲೇ" ಅಂದರೆ ಟಾರ್ಚನ್ನು ಇನ್ನೊಂದು ಸಲ ಬಿಡಿ.

ಉಳಿದದ್ದು ಹತ್ತು ನಿಮಿಷದ ಕೆಲಸ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/16ಕ್ಕೆ ಕಿರಿದು ಮಾಡಿ ಆಕಾಶದ ಫೋಟೊ ತೆಗೆದರೆ ಸೆನ್ಸರ್ ಮೇಲಿನ ಕಲೆ ಕಾಣುತ್ತದೆ. ಎರಡೂ ಕಾರ್ಡ್ ಸ್ಲಾಟ್ ಪರೀಕ್ಷಿಸಿ, ಮಡಚುವ ಸ್ಕ್ರೀನನ್ನು ಮೇಲೆ ಕೆಳಗೆ ಆಡಿಸಿ ಚಿತ್ರ ಮಿನುಗುತ್ತದಾ ನೋಡಿ, ಹಿಡಿಕೆಯ ರಬ್ಬರ್ ಉಬ್ಬಿದೆಯಾ ಒತ್ತಿ ನೋಡಿ. ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 4 ಇದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಕಳೆಯಿರಿ.

ಹಗಲು ಹೊತ್ತೇ ಹೋಗಿ. ಆ ಹದಿನೈದು ಮದುವೆಯ ಲೆಕ್ಕ ಕೇಳಿದಾಗ ಅವರು ಏನಂದರು ಅಂತ ಕಾಮೆಂಟಿನಲ್ಲಿ ತಿಳಿಸಿ, ನನಗೂ ಕುತೂಹಲ.