1960ರಲ್ಲಿ ಅಲಬಾಮ ವೋಟು ಹಾಕಿದ್ದು ಯಾರಿಗೆ?

ಪ್ರಶ್ನೆ: ನಮ್ಮ ಕ್ವಿಜ್ ಪುಸ್ತಕದ ಪ್ರಕಾರ 1960ರ ಅಮೆರಿಕ ಅಧ್ಯಕ್ಷರ ಚುನಾವಣೆಯಲ್ಲಿ ಕೆನಡಿಗೆ ನಿಕ್ಸನ್‌ಗಿಂತ 1,12,827 ಮತ ಜಾಸ್ತಿ. ಅಮೆರಿಕದಲ್ಲಿರುವ ನನ್ನ ತಮ್ಮ ಮಾತ್ರ, "ಜಾಸ್ತಿ ವೋಟು ಬಿದ್ದದ್ದು ನಿಕ್ಸನ್‌ಗೆ, ಅಲಬಾಮ ಲೆಕ್ಕ ನೋಡು" ಎನ್ನುತ್ತಾನೆ. ಒಂದು ರಾಜ್ಯದಿಂದ ಇಡೀ ದೇಶದ ಲೆಕ್ಕ ಹೇಗೆ ಉಲ್ಟಾ ಆಗುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಸುಮ್ನೆ ಹೇಳಿದ್ದಲ್ಲ. ಪುಸ್ತಕವೂ ತಪ್ಪಲ್ಲ. ಗಂಟು ಇರುವುದು ಅಲಬಾಮದ ಮತಪತ್ರದಲ್ಲಿ.

ಅಮೆರಿಕದಲ್ಲಿ ಜನ ಆರಿಸುವುದು ಎಲೆಕ್ಟರ್‌ಗಳನ್ನು. ಅಧ್ಯಕ್ಷರನ್ನು ಆರಿಸುವುದು ಆ ಎಲೆಕ್ಟರ್‌ಗಳು. ನಮ್ಮಲ್ಲಿ ರಾಷ್ಟ್ರಪತಿಗೆ ಶಾಸಕರು, ಸಂಸದರು ಮತ ಹಾಕುತ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿನ ಎಲೆಕ್ಟರ್‌ಗೆ ಇದೊಂದೇ ಕೆಲಸ. ಯಾರಿಗೆ ಮತ ಹಾಕುತ್ತಾರೆ ಎಂಬುದೂ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ.

ಅಲಬಾಮದಲ್ಲಿ ಆ ವರ್ಷ ಅದೇ ಗೊತ್ತಿರಲಿಲ್ಲ. ರಾಜ್ಯಕ್ಕೆ 11 ಎಲೆಕ್ಟರ್ ಸ್ಥಾನ. ಡೆಮಾಕ್ರಟಿಕ್ ಪಕ್ಷದೊಳಗೇ ಎರಡು ಬಣ. ಒಂದು ಬಣ ಪಕ್ಷದ ಅಭ್ಯರ್ಥಿಗೆ, ಅಂದರೆ ಕೆನಡಿಗೆ, ನಿಷ್ಠೆ ಇಟ್ಟುಕೊಂಡಿತ್ತು. ಇನ್ನೊಂದು ಬಣ ಯಾರಿಗೂ ಮಾತು ಕೊಡಲಿಲ್ಲ. ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಗಳನ್ನು ಆರಿಸುವ ಒಳಚುನಾವಣೆಯಲ್ಲಿ, 5 ಜನ ನಿಷ್ಠರೂ 6 ಜನ 'ಮಾತು ಕೊಡದವರೂ' ಗೆದ್ದರು. ಹನ್ನೊಂದೂ ಜನ ಒಂದೇ ಪಕ್ಷದ ಪಟ್ಟಿಯಲ್ಲಿ ನಿಂತರು. ಮತದಾರರು ಒಬ್ಬೊಬ್ಬ ಎಲೆಕ್ಟರ್‌ಗೂ ಬೇರೆ ಬೇರೆಯಾಗಿ, ಒಟ್ಟು 11 ಮತ ಹಾಕಬಹುದಿತ್ತು. ಬಹಳ ಜನ ಪಕ್ಷದ ಅಷ್ಟೂ ಹೆಸರಿಗೆ ಹಾಕಿದರು. ಅಂಥ ಮತದಾರ ಕೆನಡಿಯನ್ನು ಬಯಸಿದನೋ, ಬೇಡ ಎಂದನೋ? ಮತಪತ್ರ ನೋಡಿ ಹೇಳಲು ಆಗುವುದಿಲ್ಲ.

ನವೆಂಬರ್ 8ರ ಎಣಿಕೆಯಲ್ಲಿ ಕೆನಡಿ ಪರ ಎಲೆಕ್ಟರ್‌ಗಳ ಪೈಕಿ ಹೆಚ್ಚು ಮತ ಪಡೆದವರಿಗೆ 3,18,303 ಬಿತ್ತು. ಮಾತು ಕೊಡದವರ ಪೈಕಿ ಹೆಚ್ಚು ಪಡೆದವರಿಗೆ 3,24,050. ನಿಕ್ಸನ್ ಪರ 2,37,981. ಮೂರನ್ನೂ ಕೂಡಿಸಿದರೆ 8.8 ಲಕ್ಷ ದಾಟುತ್ತದೆ. ಮತಗಟ್ಟೆಗೆ ಬಂದವರು ಮಾತ್ರ ಸುಮಾರು 5.7 ಲಕ್ಷ ಜನ! ಅಂದರೆ ಮೊದಲ ಎರಡು ಅಂಕಿಯಲ್ಲಿ ಇರುವವರು ಬಹುಪಾಲು ಒಂದೇ ಜನ.

ನಿಮ್ಮ ಪುಸ್ತಕ ಆ 3,18,303ನ್ನು ಇಡಿಯಾಗಿ ಕೆನಡಿಗೆ ಬರೆದಿದೆ. ಹೆಚ್ಚಿನ ಪುಸ್ತಕಗಳದ್ದೂ ಇದೇ ಲೆಕ್ಕ. ಆಗ ದೇಶದಲ್ಲಿ ಕೆನಡಿಗೆ 1,12,827 ಮುನ್ನಡೆ. ನಿಮ್ಮ ತಮ್ಮನ ಲೆಕ್ಕ ಬೇರೆ. ಪಕ್ಷಕ್ಕೆ ಬಿದ್ದ 3,24,050 ಮತವನ್ನು 11 ಪಾಲು ಮಾಡಿ, 5 ಪಾಲು ಮಾತ್ರ ಕೆನಡಿಗೆ ಕೊಡುತ್ತಾರೆ. ಕೆನಡಿಗೆ ಸಿಗುವುದು 1,47,295. ಮಿಕ್ಕಿದ್ದು ಯಾರಿಗೂ ಇಲ್ಲ. ಆಗ ದೇಶದಲ್ಲಿ ನಿಕ್ಸನ್ 58,181 ಮತಗಳಿಂದ ಮುಂದೆ.

ನನ್ನನ್ನು ಕೇಳಿದರೆ ಎರಡೂ ಅಂದಾಜೇ. ಮೊದಲನೆಯದು ಕೆನಡಿಗೆ ಧಾರಾಳವಾಯಿತು. ಎರಡನೆಯದು ನೋಡಲು ನ್ಯಾಯ ಅನ್ನಿಸುತ್ತದೆ, ಆದರೆ ಒಬ್ಬ ಮನುಷ್ಯನ ಇಷ್ಟವನ್ನು ಹನ್ನೊಂದು ಪಾಲು ಮಾಡುವುದು ಹೇಗೆ? ಕ್ವಿಜ್‌ನಲ್ಲಿ ಕೇಳಿದರೆ 1,12,827 ಎಂದೇ ಬರೆಯಿರಿ, ಅಂಕ ಸಿಗುವುದು ಅದಕ್ಕೇ. ಗೆದ್ದವರು ಯಾರು ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ. ಎಲೆಕ್ಟರ್ ಮತದಲ್ಲಿ ಕೆನಡಿಗೆ 303, ನಿಕ್ಸನ್‌ಗೆ 219.

ಇಷ್ಟೆಲ್ಲ ಸರ್ಕಸ್ ಯಾಕೆ ಎಂದರೆ, ಮೂಲ ವರ್ಣಭೇದ. ಕರಿಯರಿಗೆ ಸಮಾನ ಹಕ್ಕು ಕೊಡುವ ಮಾತು ಡೆಮಾಕ್ರಟಿಕ್ ಪಕ್ಷದಲ್ಲಿ ಜೋರಾದಂತೆಲ್ಲ ದಕ್ಷಿಣದ ಬಿಳಿಯ ನಾಯಕರು ಮುನಿಸಿಕೊಂಡರು. 1948ರಲ್ಲಿ ಅಲಬಾಮ ಮತಪತ್ರದಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಟ್ರೂಮನ್‌ಗೆ ಜಾಗವನ್ನೇ ಕೊಟ್ಟಿರಲಿಲ್ಲ. 1960ರ ಉಪಾಯ ಇನ್ನೂ ಜಾಣತನದ್ದು. ಗೆಲ್ಲಲು ಬೇಕಾದ 269 ಎಲೆಕ್ಟರ್ ಮತ ಯಾರಿಗೂ ಸಿಗಬಾರದು. ಆಗ ಇಬ್ಬರೂ ನಮ್ಮ ಬಾಗಿಲಿಗೆ ಬರುತ್ತಾರೆ, ವರ್ಣಭೇದದ ತಂಟೆಗೆ ಬರಬೇಡಿ ಎಂದು ಚೌಕಾಸಿ ಮಾಡೋಣ ಎಂಬುದು ಲೆಕ್ಕಾಚಾರ. ಕೊನೆಗೆ ಅಲಬಾಮದ ಆ 6 ಜನ ಸ್ಪರ್ಧೆಯಲ್ಲೇ ಇಲ್ಲದ ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್‌ಗೆ ಮತ ಹಾಕಿದರು. ಮಿಸಿಸಿಪ್ಪಿಯ 8 ಜನ, ಒಕ್ಲಹೋಮದ ಒಬ್ಬ ಸೇರಿ ಬರ್ಡ್‌ಗೆ 15 ಆಯಿತು.

ಹುಚ್ಚಾಟ ಅನ್ನಬೇಡಿ. ಕೆನಡಿ ಇಲಿನಾಯ್‌ಯಲ್ಲಿ ಗೆದ್ದದ್ದು 8,858 ಮತಗಳಿಂದ, ಮಿಸೌರಿಯಲ್ಲಿ 9,980ರಿಂದ. ಆ ಎರಡು ರಾಜ್ಯಗಳ 27 ಮತ್ತು 13 ಎಲೆಕ್ಟರ್ ಮತ ನಿಕ್ಸನ್ ಕಡೆ ಹೋಗಿದ್ದರೆ ಕೆನಡಿ 263, ನಿಕ್ಸನ್ 259. ಇಬ್ಬರಿಗೂ ಬಹುಮತ ಇಲ್ಲ, ನಡುವೆ ಆ 15! ಇಲಿನಾಯ್ ರಾಜ್ಯದ ಶಿಕಾಗೊ ನಗರದ ಕಳ್ಳವೋಟಿನ ಆರೋಪದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಆಟದ ಬಗ್ಗೆ ಮಾತಾಡುವವರು ಕಡಿಮೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆ 5.7 ಲಕ್ಷದಲ್ಲಿ ಕರಿಯರು ತೀರ ಕಡಿಮೆ. ಅಲಬಾಮದ ಲೌಂಡ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಶೇ 80ರಷ್ಟು ಜನ ಕರಿಯರು, ಆದರೆ 1965ರ ಮಾರ್ಚ್‌ಗೆ ಮುಂಚೆ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಅದೇ ರಾಜ್ಯದ ಟಸ್ಕೀಗಿ ಊರಿನದ್ದಂತೂ ವಿಚಿತ್ರ. ಊರು ಚೌಕಾಕಾರದಲ್ಲಿತ್ತು. 1957ರಲ್ಲಿ ರಾಜ್ಯದ ಶಾಸನಸಭೆ ಅದರ ಗಡಿಯನ್ನು 28 ಮೂಲೆಗಳ ಆಕಾರಕ್ಕೆ ತಿದ್ದಿತು. ಸುಮಾರು 400 ಕರಿಯ ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಉಳಿದವರೆಲ್ಲ ಊರಾಚೆ ಬಿದ್ದರು. ಬಿಳಿಯ ಮತದಾರ ಒಬ್ಬನೂ ಆಚೆ ಹೋಗಲಿಲ್ಲ! ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿದ್ದು 1960ರ ನವೆಂಬರ್ 14ರಂದು, ಆ ಚುನಾವಣೆ ಮುಗಿದ ಆರೇ ದಿನಕ್ಕೆ.