ಮೋಡ ಮುಚ್ಚಿದ್ದರೂ ರೇಡಾರ್ ಉಪಗ್ರಹಕ್ಕೆ ಗದ್ದೆ ಯಾವುದು, ಊರು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ನಾನಿರುವುದು ಸಿಂಧನೂರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಲ್ಲೆಲ್ಲಿ ಭತ್ತ ನಾಟಿಯಾಗಿದೆ ಅಂತ ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುತ್ತೇನೆ. ಮಳೆಗಾಲದ ನಾಟಿ ಹೊತ್ತಿಗೆ ಮಾಮೂಲಿ ಚಿತ್ರ ತೆರೆದರೆ ಬರೀ ಮೋಡ. ಆಗ ರೇಡಾರೇ ಗತಿ.

ರೇಡಾರ್ ಬಣ್ಣ ನೋಡುವುದಿಲ್ಲ. ತಾನೇ ಓರೆಯಾಗಿ ಮೈಕ್ರೋವೇವ್ ಅಲೆ ಬಿಡುತ್ತದೆ, ನೆಲಕ್ಕೆ ಬಡಿದು ಎಷ್ಟು ವಾಪಸ್ ಬಂತು ಅಂತ ಅಳೆಯುತ್ತದೆ, ಅಷ್ಟೇ. ನಾನು ಜಾಸ್ತಿ ಬಳಸುವ ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರಲ್ಲಿ ಅಲೆಯ ಉದ್ದ ಸುಮಾರು 5.5 ಸೆಂ.ಮೀ. ಮೋಡದ ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ರಾತ್ರಿಯಾದರೂ ಅಡ್ಡಿಯಿಲ್ಲ.

ಗದ್ದೆಗೆ ನೀರು ನಿಲ್ಲಿಸಿ ಕೆಸರು ಮಾಡಿದಾಗ ಅದು ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಂದ ಅಲೆ ಆಚೆ ಜಾರಿ ಹೋಗುತ್ತದೆ, ಉಪಗ್ರಹಕ್ಕೆ ಏನೂ ಸಿಗುವುದಿಲ್ಲ. ಚಿತ್ರದಲ್ಲಿ ಗದ್ದೆ ಕಪ್ಪು. ಸಸಿ ಮೇಲೆದ್ದಂತೆ ಅಲೆ ಎಲೆ, ಕಾಂಡಕ್ಕೆ ಬಡಿದು ಹಿಂದಕ್ಕೆ ಬರತೊಡಗುತ್ತದೆ. 12 ದಿನಕ್ಕೊಂದು ಚಿತ್ರ ಸಾಲಾಗಿ ಇಟ್ಟರೆ ಅದೇ ಜಾಗ ಕಪ್ಪಿನಿಂದ ಬೂದು, ಬೂದಿನಿಂದ ಬಿಳಿಗೆ ಏರುತ್ತದೆ. ಎರೆಹೊಲದ ಹತ್ತಿ ಹೀಗೆ ಮೊದಲು ಕಪ್ಪಿಗಿಳಿದು ಏರುವುದಿಲ್ಲ. ಇನ್ನೊಂದು ತಮಾಷೆ: ನೀರು ನಿಂತರೆ ಕಪ್ಪು, ಆದರೆ ಮಳೆ ನೀರು ಕುಡಿದ ಹೆಂಟೆ ಮಣ್ಣು ಬೆಳ್ಳಗೆ ಕಾಣುತ್ತದೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಅಲೆಯನ್ನು ಜೋರಾಗಿ ಹಿಂದೆ ತಳ್ಳುತ್ತದೆ.

ಮೊದಲ ವರ್ಷ ನಾನೂ ಮೋಸ ಹೋಗಿದ್ದೆ. ಒಂದೇ ದಿನದ ಚಿತ್ರ ನೋಡಿ, ಎರಡು ಎಕರೆಯಷ್ಟು ಕಪ್ಪು ಚೌಕಕ್ಕೆ ಗದ್ದೆ ಅಂತ ಗುರುತು ಹಾಕಿದೆ. ಬೈಕ್ ಹತ್ತಿ ಹೋಗಿ ನೋಡಿದರೆ ರೈಸ್ ಮಿಲ್ಲಿನ ಭತ್ತ ಒಣಗಿಸುವ ಸಿಮೆಂಟ್ ಕಣ! ಕಾವಲುಗಾರ, "ಏನ್ ಹುಡುಕಾಕತ್ತೀರಿ ಸರ?" ಅಂದ. ಗದ್ದೆ ಅಂದೆ. "ಸಿಮೆಂಟಿನ್ಯಾಗ ಯಾರ್ ಭತ್ತ ಬೆಳೀತಾರ್ರೀ?" 5.5 ಸೆಂ.ಮೀ. ಅಲೆಗೆ ನುಣುಪಾದ ಸಿಮೆಂಟೂ ಒಂದೇ, ನಿಂತ ನೀರೂ ಒಂದೇ.

ಅದೇ ಮಿಲ್ಲಿನ ಗೋಡೆ ಮಾತ್ರ ಫಳಫಳ. ನೆಲ, ಗೋಡೆ ಸೇರಿದ ಮೂಲೆಗೆ ಚೆಂಡು ಎಸೆದರೆ ಎರಡು ಸಲ ಪುಟಿದು ನಿಮ್ಮ ಕಡೆಗೇ ಬರುತ್ತದಲ್ವಾ? ಅಲೆಯೂ ಹಾಗೇ. ಊರು ಬೆಳ್ಳಗೆ ಕಾಣುವುದು ಅದಕ್ಕೇ. ಆದರೆ ಗೋಡೆ ಉಪಗ್ರಹಕ್ಕೆ ಎದುರಾಗಿರಬೇಕು. ಬೀದಿಗಳು ಓರೆಯಾಗಿರುವ ಬಡಾವಣೆ ಮಂಕಾಗಿ ಕಾಣುತ್ತದೆ, ಅಲ್ಲಿ ಮನೆಯೇ ಇಲ್ಲವೇನೋ ಅನ್ನಿಸುವಷ್ಟು.

ಗಾಳಿಯ ಕಾಟ ಬೇರೆ. ತುಂಗಭದ್ರಾ ಹಿನ್ನೀರಿನಲ್ಲಿ ಅಲೆ ಎದ್ದ ದಿನ ನೀರೂ ಬೂದಾಗಿ ಕಾಣುತ್ತದೆ. ಅಂಥ ದಿನ ವಿವಿ ಚಿತ್ರ (ನೆಟ್ಟಗೆ ಕಂಪಿಸುವ ಅಲೆ ಬಿಟ್ಟು, ನೆಟ್ಟಗೆ ಕಂಪಿಸುತ್ತ ವಾಪಸ್ ಬಂದದ್ದನ್ನೇ ಅಳೆದದ್ದು) ಬಿಟ್ಟು ವಿಎಚ್ ಚಿತ್ರ (ನೆಟ್ಟಗೆ ಬಿಟ್ಟು, ಅಡ್ಡಡ್ಡ ಕಂಪಿಸುತ್ತ ಬಂದದ್ದನ್ನು ಅಳೆದದ್ದು) ನೋಡಿ, ಅದರಲ್ಲಿ ಈ ತೊಂದರೆ ಕಡಿಮೆ. ಇಸ್ರೋ, ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ರೇಡಾರ್ ಉಪಗ್ರಹದಲ್ಲಿ ಸುಮಾರು 24 ಸೆಂ.ಮೀ. ಅಲೆಯೂ ಇದೆ. ಅದು ಎಲೆ ದಾಟಿ ಇನ್ನೂ ಒಳಗೆ ಹೋಗುತ್ತದೆ.

ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ. ಸೆಂಟಿನೆಲ್ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಗಂಗಾವತಿಯದ್ದು ಜುಲೈನಿಂದ ಅಕ್ಟೋಬರ್‌ವರೆಗೆ ಇಳಿಸಿಕೊಳ್ಳಿ. ಮೊದಲು ಆನೆಗೊಂದಿಯ ಬಂಡೆ ಗುಡ್ಡಗಳನ್ನು ಹುಡುಕಿ; ಒರಟು ಕಲ್ಲು, ಉಪಗ್ರಹದ ಕಡೆಯ ಮಗ್ಗುಲು ಬೆಳ್ಳಗೆ ಹೊಳೆಯುತ್ತಿರುತ್ತದೆ. ಪಕ್ಕದಲ್ಲೇ ಕಪ್ಪಗೆ ಹರಿಯುವುದು ನದಿ.