ಕೋಲಾರದ ಮೆಡಿಕಲ್ ಕಾಲೇಜಲ್ಲಿ ಓದಿನ ವಾತಾವರಣ ಹೇಗಿದೆ ಅಂತ ಸೇರುವ ಮೊದಲು ತಿಳಿಯೋದು ಹೇಗೆ?

ಕಟ್ಟಡ ನೋಡಿ ಮರುಳಾಗಬೇಡಿ. ಒಂದು ಸೋಮವಾರ ಬೆಳಿಗ್ಗೆ 10ಕ್ಕೆ ಟಮಕದ ದೇವರಾಜ ಅರಸ್ ಕಾಲೇಜಿನ ಜಾಲಪ್ಪ ಆಸ್ಪತ್ರೆಗೆ ಹೋಗಿ, ಓಪಿಡಿ ಬೆಂಚಿನ ಮೇಲೆ ಸುಮ್ನೆ ಕೂತು ನೋಡಿ. ಚೀಟಿ ಮಾಡಿಸುವ ಸಾಲು ಉದ್ದ ಇದ್ದಷ್ಟೂ ಕಲಿಯೋದು ಜಾಸ್ತಿ. ಆಮೇಲೆ ಕ್ಯಾಂಟೀನಲ್ಲಿ ಇಂಟರ್ನ್‌ಗಳ ಪಕ್ಕ ಟೀ ಹಿಡಿದು ಕೂತು ಕೇಳಿ: ಹೊಲಿಗೆ ಹಾಕೋಕೆ, ಹೆರಿಗೆ ನೋಡೋಕೆ ನಿಮ್ಮ ಕೈಗೆ ಬಿಡ್ತಾರಾ? ಗೊತ್ತಾಗದಿದ್ದರೆ ಮೇಷ್ಟ್ರನ್ನು ಹೆದರದೆ ಕೇಳಬಹುದಾ? ಅವರು ತಡವರಿಸಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಹಾಸ್ಟೆಲ್ ಊಟವನ್ನೂ ಒಮ್ಮೆ ತಿಂದು ನೋಡಿ. ಇಂಟರ್ನ್‌ಶಿಪ್ ಸೇರಿ 5½ ವರ್ಷ ಅದನ್ನೇ ತಿನ್ನಬೇಕಲ್ವಾ?

ಇನ್ನೊಂದು, ಇಲ್ಲಿ ತೆಲುಗು ಮಾತಾಡುವ ರೋಗಿಗಳು ಬಹಳ. ‘ಎಕ್ಕಡ ನೊಪ್ಪಿ?’ (ಎಲ್ಲಿ ನೋವು?) ಅಂತ ಕೇಳೋದನ್ನು ಮೊದಲೇ ಕಲಿತಿಡಿ.